ಮಗನನ್ನು ಪೊಲೀಸರು ತಡೆದ ಮೇಲೆ...

ರಾತ್ರಿ ಒಂಬತ್ತೂವರೆ ದಾಟಿತ್ತು. ಕಾಂಪೌಂಡರ್ ಕ್ಲಿನಿಕ್ಕಿನ ಬಾಗಿಲು ಅರ್ಧ ಎಳೆದಿದ್ದ. ಪರಿಚಯದ ಮೇಷ್ಟ್ರೊಬ್ಬರು ಹೆಂಡತಿ, ಮಗನ ಜೊತೆ ಮೆಟ್ಟಿಲು ಹತ್ತಿ ಬಂದರು. ಹುಡುಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದಾನೆ. ಚಿಕ್ಕಂದಿನಿಂದ ನಾನೇ ಚುಚ್ಚುಮದ್ದು ಕೊಟ್ಟು ನೋಡಿಕೊಂಡ ಹುಡುಗ.

“ಡಾಕ್ಟ್ರೇ, ಇವನಿಗೆ ನಾಲ್ಕು ದಿನದಿಂದ ಊಟ ಸೇರ್ತಿಲ್ಲ, ನಿದ್ದೆ ಇಲ್ಲ. ರಾತ್ರಿ ಎದ್ದು ಕೂರ್ತಾನೆ, ಬೆವರ್ತಾನೆ. ಜ್ವರ ನೋಡಿದರೆ ಜ್ವರ ಇಲ್ಲ” ಎಂದರು ತಾಯಿ. ತಂದೆ ಮಾತಾಡಲಿಲ್ಲ. ಹುಡುಗ ನೆಲ ನೋಡುತ್ತಿದ್ದ. ನಾಡಿ ನಿಮಿಷಕ್ಕೆ ನೂರಹತ್ತು. ಅಂಗೈ ತಣ್ಣಗೆ, ಒದ್ದೆ. ಉಳಿದಂತೆ ದೇಹದಲ್ಲಿ ಯಾವ ದೋಷವೂ ಕಾಣಲಿಲ್ಲ.

ತಂದೆ ತಾಯಿಯನ್ನು ಹೊರಗೆ ಕೂರಿಸಿ ಹುಡುಗನೊಬ್ಬನನ್ನೇ ಕೇಳಿದೆ. ಹತ್ತು ನಿಮಿಷದ ಮೌನದ ನಂತರ ಕಥೆ ಹೊರಬಂತು. ನಾಲ್ಕು ದಿನದ ಹಿಂದೆ, ಸಂಜೆ, ಬೈಪಾಸ್ ರಸ್ತೆಯ ಪೆಟ್ಟಿಗೆ ಅಂಗಡಿಯ ಬಳಿ ಇವನನ್ನೂ ಇವನ ಗೆಳೆಯನನ್ನೂ ಪೊಲೀಸರು ತಡೆದಿದ್ದರು. ಗಾಂಜಾ ಕೊಳ್ಳಲು ಬಂದಿದ್ದಾರೆ ಎಂಬ ಗುಮಾನಿ. ಜೇಬು, ಚೀಲ, ಬೈಕಿನ ಡಬ್ಬಿ ಎಲ್ಲ ನೋಡಿದರು. ಏನೂ ಸಿಗಲಿಲ್ಲ. ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಂಡು, “ಕರೆದಾಗ ಠಾಣೆಗೆ ಬರಬೇಕು” ಎಂದು ಹೇಳಿ ಬಿಟ್ಟರು. ಆ ಅಂಗಡಿಯ ಹತ್ತಿರ ಮಾರುತ್ತಿದ್ದವನನ್ನು ಹಿಂದಿನ ದಿನವೇ ಹಿಡಿದಿದ್ದರಂತೆ. ಅವನ ಫೋನಿಗೆ ಇವನು ಎರಡು ಮೂರು ಸಲ ಐನೂರು ರೂಪಾಯಿ ಕಳಿಸಿದ್ದ.

“ಸಾರ್, ನನಗೆ ಹತ್ತು ವರ್ಷ ಜೈಲಾಗುತ್ತಾ?” ಇದು ಹುಡುಗ ಕೇಳಿದ ಮೊದಲ ಪ್ರಶ್ನೆ. ಎರಡನೆಯ ಮಾತು ಪ್ರಶ್ನೆಯಾಗಿರಲಿಲ್ಲ. “ಅಪ್ಪನ ಮುಖ ನೋಡೋಕಾಗಲ್ಲ. ಕೆರೆ ಏರಿ ಮೇಲೆ ಹೋಗಿ ಬಂದೆ ನಿನ್ನೆ.”

ಓದುಗರೇ, ಈ ವಾರ ಈ ಅಂಕಣದಲ್ಲಿ ಕಾನೂನಿನ ಮಾತು ಬರುತ್ತಿರುವುದು ಆ ಎರಡನೆಯ ಮಾತಿನ ಕಾರಣಕ್ಕೆ. ಕಾನೂನಿನ ಬಗೆಗಿನ ಅರೆಬರೆ ತಿಳಿವಳಿಕೆ ಒಂದು ಕಾಯಿಲೆಯಷ್ಟೇ ಅಪಾಯಕಾರಿಯಾಗಬಲ್ಲದು. ನಾನು ವಕೀಲನಲ್ಲ. ನನ್ನ ವಕೀಲ ಮಿತ್ರರೊಬ್ಬರ ಬಳಿ ಕೂತು ಕೇಳಿ ತಿಳಿದದ್ದನ್ನೂ, ವೈದ್ಯನಾಗಿ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹುಡುಗನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅರ್ಧ ಭಯ, ಅರ್ಧ ಕಾಯಿಲೆ

ಮನೆಯವರು ತಿಳಿದಂತೆ ಹುಡುಗನ ನಿದ್ದೆಗೇಡು ಬರೀ ಪೊಲೀಸರ ಭಯದಿಂದ ಬಂದದ್ದಲ್ಲ. ಅವನು ಸುಮಾರು ಒಂದು ವರ್ಷದಿಂದ, ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಹೆಚ್ಚುಕಡಿಮೆ ದಿನಾ ರಾತ್ರಿ ಗಾಂಜಾ ಸೇದುತ್ತಿದ್ದ. ಪೊಲೀಸರು ತಡೆದ ಸಂಜೆಯಿಂದ ಒಮ್ಮೆಲೇ ನಿಲ್ಲಿಸಿದ್ದ.

ದಿನವೂ ಸೇದುವವರು ಥಟ್ಟನೆ ನಿಲ್ಲಿಸಿದಾಗ ಒಂದೆರಡು ದಿನಗಳಲ್ಲಿ ಕೆಲವು ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಸಿಡುಕು, ಚಡಪಡಿಕೆ, ನಿದ್ದೆ ಬಾರದಿರುವುದು, ಬಂದರೂ ಕೆಟ್ಟ ಕನಸು, ಹಸಿವಿಲ್ಲದಿರುವುದು, ಬೆವರು, ತಲೆನೋವು, ಮನಸ್ಸು ಕುಗ್ಗುವುದು. ಇವು ಮೊದಲ ವಾರದಲ್ಲಿ ಹೆಚ್ಚಿದ್ದು, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಇಳಿಯುತ್ತವೆ. ನಿದ್ದೆ ಮಾತ್ರ ಸರಿಹೋಗಲು ಇನ್ನೂ ಸ್ವಲ್ಪ ದಿನ ಬೇಕಾಗಬಹುದು. ಇದಕ್ಕೆ ಜೀವಾಪಾಯವಿಲ್ಲ. ಆದರೆ ಠಾಣೆಯ ಭಯದ ಜೊತೆಗೆ ಇದು ಸೇರಿಕೊಂಡಾಗ, ಲೋಕವೇ ಮುಗಿಯಿತೆಂದು ಹುಡುಗನಿಗೆ ಅನ್ನಿಸುವುದು ಸಹಜ. “ನಿನಗೆ ಈಗ ಆಗುತ್ತಿರುವುದರಲ್ಲಿ ಅರ್ಧ ಭಾಗ ಗಾಂಜಾ ಬಿಟ್ಟದ್ದರಿಂದ. ಅದು ತಾನಾಗಿ ಇಳಿಯುತ್ತದೆ” ಎಂದಾಗ ಅವನು ಮೊದಲ ಬಾರಿಗೆ ತಲೆ ಎತ್ತಿ ನೋಡಿದ.

ಗಾಂಜಾಕ್ಕೆ ಚಟ ಹತ್ತುವುದಿಲ್ಲ, ಅದು ಗಿಡಮೂಲಿಕೆ ಎಂಬ ಮಾತು ಕಾಲೇಜು ಹುಡುಗರಲ್ಲಿ ಬಹಳ ಬಳಕೆಯಲ್ಲಿದೆ. ಅದು ಸರಿಯಲ್ಲ. ಸೇದಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಇದು ಆರರಲ್ಲಿ ಒಬ್ಬರಷ್ಟು. ಮಿದುಳಿನ ಬೆಳವಣಿಗೆ ಇಪ್ಪತ್ತರ ಹರೆಯದ ಮಧ್ಯದವರೆಗೂ ನಡೆದಿರುತ್ತದೆ. ಆ ವಯಸ್ಸಿನಲ್ಲಿ ನಿತ್ಯ ಸೇದಿದರೆ ನೆನಪು, ಗಮನ ಎರಡೂ ಕುಗ್ಗುತ್ತವೆ. ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಭ್ರಮೆ, ಸಂಶಯಗಳ ಕಾಯಿಲೆ ಬರುವ ಅಪಾಯ ಹೆಚ್ಚು. ಪೊಲೀಸರು ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಹುಡುಗ ಹೇಳತೊಡಗಿದರೆ ಅದು ಬರೀ ಭಯವೆಂದು ಸುಮ್ಮನಿರಬಾರದು. ಮನೋವೈದ್ಯರಿಗೆ ತೋರಿಸಬೇಕು.

ಇಂಥ ಮನೆ ಒಂದೇ ಅಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಯಾವುದನ್ನಾದರೂ ಬಳಸುವವರು ಸುಮಾರು 3.1 ಕೋಟಿ ಜನ. ಹೀಗಿರುವಾಗ “ನಮ್ಮ ಮನೆಗೆ ಮಾತ್ರ ಈ ಗತಿ ಬಂತು” ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಕಾನೂನು ಏನು ಹೇಳುತ್ತದೆ?

ಹುಡುಗನಿಗೆ ಹತ್ತು ವರ್ಷದ ಲೆಕ್ಕ ಹೇಳಿದವನು ಹಾಸ್ಟೆಲಿನ ಗೆಳೆಯ. ಆ ಲೆಕ್ಕ ಪೂರಾ ಸುಳ್ಳಲ್ಲ, ಆದರೆ ಇವನಿಗೆ ಅನ್ವಯಿಸುವಂಥದ್ದಲ್ಲ.

ನಮ್ಮಲ್ಲಿ ಇದಕ್ಕೆ ಸಂಬಂಧಿಸಿದ ಕಾನೂನು 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ. ಪತ್ರಿಕೆಗಳಲ್ಲಿ ಎನ್‌ಡಿಪಿಎಸ್ ಎಂದು ಓದಿರುತ್ತೀರಿ. ಇದರಡಿ ಗಾಂಜಾ ಬೆಳೆಯುವುದು, ಮಾರುವುದು ಮಾತ್ರವಲ್ಲ, ಕೊಳ್ಳುವುದು, ಇಟ್ಟುಕೊಳ್ಳುವುದು, ಸೇದುವುದು ಎಲ್ಲವೂ ಅಪರಾಧ. ಕೊಳ್ಳಲು ಪ್ರಯತ್ನಿಸುವುದೂ ಅಪರಾಧವೇ.

ಶಿಕ್ಷೆ ಮಾತ್ರ ವಸ್ತುವಿನ ತೂಕವನ್ನು ಅವಲಂಬಿಸಿದೆ. 2001ರಲ್ಲಿ ಕೇಂದ್ರ ಸರ್ಕಾರ ಪ್ರತಿ ವಸ್ತುವಿಗೂ ‘ಅಲ್ಪ ಪ್ರಮಾಣ’ ಮತ್ತು ‘ವಾಣಿಜ್ಯ ಪ್ರಮಾಣ’ ಎಂದು ಗಡಿ ಹಾಕಿತು. ಗಾಂಜಾಕ್ಕೆ ಅಲ್ಪ ಪ್ರಮಾಣ 1 ಕಿಲೋ, ವಾಣಿಜ್ಯ ಪ್ರಮಾಣ 20 ಕಿಲೋ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ. ಪಾರ್ಟಿಗಳಲ್ಲಿ ಮಾತ್ರೆಯಾಗಿ ಓಡಾಡುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ.

ಗಾಂಜಾ ಅಲ್ಪ ಪ್ರಮಾಣದಲ್ಲಿ ಸಿಕ್ಕರೆ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಪಕ್ಕಿಂತ ಹೆಚ್ಚು, ವಾಣಿಜ್ಯಕ್ಕಿಂತ ಕಡಿಮೆ ಆದರೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲದಂತೆ ಇಪ್ಪತ್ತು ವರ್ಷದವರೆಗೆ. ಜಾಮೀನೂ ಬಹಳ ಕಷ್ಟ. ವಸ್ತು ಸಿಗದೆ, ಸೇದಿದ್ದು ಮಾತ್ರ ಸಾಬೀತಾದರೆ ಗಾಂಜಾದ ಮಟ್ಟಿಗೆ ಆರು ತಿಂಗಳವರೆಗೆ ಸಜೆ, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಕೊಕೇನ್, ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಿ ಹೇಳಬೇಕು. ಒಂದು, ‘ಒಂದು ಕಿಲೋ ಒಳಗಿದ್ದರೆ ಕೇಸಿಲ್ಲ’ ಎಂಬುದು. ಅಲ್ಪ ಪ್ರಮಾಣ ಎಂದರೆ ಅನುಮತಿ ಇರುವ ಪ್ರಮಾಣವಲ್ಲ, ಶಿಕ್ಷೆ ಕಡಿಮೆ ಎಂದಷ್ಟೇ ಅರ್ಥ. ಒಂದು ಗ್ರಾಂ ಇದ್ದರೂ ಅಪರಾಧವೇ. ಎರಡು, ‘ಕಲಬೆರಕೆ ಮಾಲಿನಲ್ಲಿ ಅಸಲು ಎಷ್ಟಿದೆಯೋ ಅಷ್ಟೇ ತೂಕ’ ಎಂಬುದು. ಬೆರೆಸಿದ ಪದಾರ್ಥವನ್ನೂ ಸೇರಿಸಿ ಇಡೀ ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಮ್ಮ ಹುಡುಗನ ಬಳಿ ಏನೂ ಸಿಕ್ಕಿರಲಿಲ್ಲ. ಹಣ ಕಳಿಸಿದ ದಾಖಲೆ ಇತ್ತು. ಅಂದರೆ ವಿಚಾರಣೆಗೆ ಕರೆಯಲು ಪೊಲೀಸರಿಗೆ ಕಾರಣವಿತ್ತು. ಹತ್ತು ವರ್ಷದ ಸಜೆಗೆ ಇರಲಿಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರ ಗೊತ್ತಿಲ್ಲದೆ ಒಬ್ಬ ಇಪ್ಪತ್ತರ ಹುಡುಗ ಕೆರೆ ಏರಿಯವರೆಗೆ ಹೋಗಿ ಬಂದಿದ್ದ.

ತಡೆದಾಗ ಹೇಗಿರಬೇಕು?

ರಸ್ತೆಯಲ್ಲಿ ತಡೆದರೆ ಓಡಬಾರದು, ಕೂಗಾಡಬಾರದು, ಕೈ ಎತ್ತಬಾರದು. ಹೆಸರು, ವಿಳಾಸ ಸರಿಯಾಗಿ ಹೇಳಬೇಕು. ಓಡಿದವನ ಮೇಲೆ ಗುಮಾನಿ ಹೆಚ್ಚುತ್ತದೆ. ಗಾಬರಿಯಲ್ಲಿ ಬೈಕ್ ಓಡಿಸಿ ಬಿದ್ದು ಮೂಳೆ ಮುರಿದುಕೊಂಡು ಬಂದವರಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ಕೈಯಲ್ಲಿದ್ದುದನ್ನು ಬಾಯಿಗೆ ಹಾಕಿ ನುಂಗುವುದಂತೂ ಪ್ರಾಣಕ್ಕೇ ಸಂಚಕಾರ.

ಮೈ ತಪಾಸಣೆ ಮಾಡುವಾಗ ಕಾಯ್ದೆಯ 50ನೇ ಕಲಂ ಒಂದು ಹಕ್ಕು ಕೊಟ್ಟಿದೆ. ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತಪಾಸಣೆ ಆಗಲಿ ಎಂದು ಕೇಳಬಹುದು. ಈ ಹಕ್ಕಿದೆ ಎಂಬುದನ್ನು ಪೊಲೀಸರೇ ತಿಳಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲಿ ತೀರ್ಪು ಕೊಟ್ಟಿದೆ. ಚೀಲ, ವಾಹನಗಳ ತಪಾಸಣೆಗೆ ಈ ನಿಯಮ ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳೆಯೇ ಮಾಡಬೇಕು.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಗಳೊಳಗೆ (ಪ್ರಯಾಣದ ಸಮಯ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಇವು ಯಾರೂ ಮಾಡುವ ಉಪಕಾರವಲ್ಲ, ಸಂವಿಧಾನ ಮತ್ತು ಕಾನೂನು ಕೊಟ್ಟ ರಕ್ಷಣೆ.

ಬಂಧನ ಅಗತ್ಯವಿಲ್ಲದ ಪ್ರಕರಣಗಳಲ್ಲಿ, ಹಾಜರಾಗಿ ಎಂದು ಪೊಲೀಸರು ಲಿಖಿತ ನೋಟಿಸ್ ಕೊಡುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂನಲ್ಲಿ ಇದಿದೆ. ನೋಟಿಸ್ ಬಂದರೆ ಊರು ಬಿಟ್ಟು ಅಜ್ಜಿ ಮನೆಗೆ ಹೋಗಿ ಕೂರಬಾರದು. ನೋಟಿಸಿನಂತೆ ಹಾಜರಾಗುತ್ತಿದ್ದವನನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು. ತಪ್ಪಿಸಿಕೊಂಡವನಿಗೆ ಆ ರಕ್ಷಣೆ ಇಲ್ಲ.

ವಿಚಾರಣೆಯಲ್ಲಿ ಸುಳ್ಳು ಕಟ್ಟಬಾರದು. ಆದರೆ ತನ್ನ ಮೇಲೆಯೇ ಅಪರಾಧ ಹೊರಿಸಿಕೊಳ್ಳುವಂಥ ಉತ್ತರ ಕೊಡಬೇಕೆಂಬ ಬಲವಂತ ಕಾನೂನಿನಲ್ಲಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮಾದಕ ವಸ್ತು ನಿಗ್ರಹದ ಇತರ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಗೂ ಇದೇ ಮಾತು ಅನ್ವಯಿಸುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಖಾಲಿ ಹಾಳೆಗೆ ಸಹಿ ಹಾಕಬಾರದು. ಮಹಜರಿಗೆ ಸಹಿ ಕೇಳಿದರೆ ಓದಿ, ಅರ್ಥ ಮಾಡಿಕೊಂಡು ಹಾಕಬೇಕು.

ವಕೀಲರಿಗೆ ಫೀಸು ಎಲ್ಲಿಂದ ತರಲಿ ಎನ್ನುವವರಿಗೆ ಒಂದು ಮಾತು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ದೂರವಾಣಿ ಸಂಖ್ಯೆ 15100.

ಹದಿನೆಂಟು ತುಂಬದ ಮಗುವಾದರೆ ದಾರಿಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹೆಸರು, ಭಾವಚಿತ್ರ ಪ್ರಕಟಿಸುವಂತಿಲ್ಲ. ಮಗುವಿಗೆ ಮಾದಕ ವಸ್ತು ಕೊಟ್ಟವನಿಗೆ, ಮಗುವಿನ ಕೈಲಿ ಮಾರಿಸಿದವನಿಗೆ ಏಳು ವರ್ಷದವರೆಗೆ ಸಜೆಯಿದೆ.

ಮಾಡಬಾರದ ನಾಲ್ಕು ಕೆಲಸಗಳು

ಆ ನಾಲ್ಕು ದಿನಗಳಲ್ಲಿ ಮೇಷ್ಟ್ರ ಮನೆಯಲ್ಲಿ ನಾಲ್ಕು ಸಲಹೆಗಳು ಬಂದಿದ್ದವು. ನಾಲ್ಕೂ ತಪ್ಪು.

ಮೊದಲನೆಯದು ಮೂತ್ರ ಶುದ್ಧಿ. ಯಾರೋ ಹೇಳಿದರೆಂದು ತಾಯಿ ಮಗನಿಗೆ ದಿನಕ್ಕೆ ಏಳೆಂಟು ಲೀಟರು ನೀರು, ಮಜ್ಜಿಗೆ, ನಿಂಬೆರಸ ಕುಡಿಸುತ್ತಿದ್ದರು. ಪರೀಕ್ಷೆ ಮಾಡಿದರೂ ಗಾಂಜಾ ಸಿಗದಿರಲಿ ಎಂದು! ಮಿತಿಮೀರಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಬರಬಹುದು. ವಿನೆಗರ್ ಕುಡಿಸುವುದು, ಭೇದಿ ಮಾತ್ರೆ ಕೊಡುವುದು ಇನ್ನೂ ಕೆಟ್ಟದ್ದು. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಒಂದು ಸಲ ಸೇದಿದವರ ಮೂತ್ರದಲ್ಲಿ ಕೆಲವು ದಿನ, ಬಹುಕಾಲ ನಿತ್ಯ ಸೇದಿದವರಲ್ಲಿ ಒಂದು ತಿಂಗಳಿಗೂ ಮೀರಿ ಪತ್ತೆಯಾಗಬಹುದು. ಮಜ್ಜಿಗೆಗೆ ಅದನ್ನು ತೊಳೆಯುವ ಶಕ್ತಿಯಿಲ್ಲ.

ಎರಡನೆಯದು, ಮೊಬೈಲಿನಲ್ಲಿರುವುದನ್ನೆಲ್ಲ ಅಳಿಸಿಬಿಡು ಎಂಬುದು. ಇದರಿಂದ ಸಾಕ್ಷ್ಯನಾಶದ ಹೊಸ ತೊಡಕು ಮೈಮೇಲೆ ಬರಬಹುದು. ಹಣ ಕಳಿಸಿದ ದಾಖಲೆ ಹೇಗೂ ಬ್ಯಾಂಕಿನಲ್ಲಿರುತ್ತದೆ.

ಮೂರನೆಯದು, “ಇಪ್ಪತ್ತು ಸಾವಿರ ಕೊಡಿ, ನಾನು ಮುಗಿಸಿಕೊಡ್ತೀನಿ” ಎಂದ ಮಧ್ಯವರ್ತಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವವರಿಗೂ ಏಳು ವರ್ಷದವರೆಗೆ ಸಜೆ ಇದೆ. ಬಲವಂತಕ್ಕೆ ಕೊಡಬೇಕಾಗಿ ಬಂದರೆ ಏಳು ದಿನಗಳೊಳಗೆ ದೂರು ಕೊಟ್ಟವರಿಗೆ ಮಾತ್ರ ವಿನಾಯಿತಿ. ಹುಡುಗನ ಸಣ್ಣ ಪ್ರಕರಣ ಮುಚ್ಚಲು ಹೋಗಿ ತಂದೆ ದೊಡ್ಡ ಪ್ರಕರಣಕ್ಕೆ ಸಿಕ್ಕಿಕೊಳ್ಳಬಾರದು.

ಇದಕ್ಕೇ ಸೇರಿದ ಇನ್ನೊಂದು ವಂಚನೆ ಇತ್ತೀಚಿನ ವರ್ಷಗಳಲ್ಲಿ ಹಬ್ಬಿದೆ. “ನಿಮ್ಮ ಮಗ ಡ್ರಗ್ಸ್ ಕೇಸಲ್ಲಿ ಸಿಕ್ಕಿದ್ದಾನೆ”, “ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ” ಎಂದು ಫೋನ್ ಬರುತ್ತದೆ. ವಿಡಿಯೋದಲ್ಲಿ ಖಾಕಿ ತೊಟ್ಟವನು ಕಾಣುತ್ತಾನೆ, ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾನೆ, ಹಣ ಕೇಳುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಫೋನಿಟ್ಟು ಮೊದಲು ಮಗನಿಗೆ ಫೋನ್ ಮಾಡಿ, ಆಮೇಲೆ 1930ಕ್ಕೆ ದೂರು ಕೊಡಿ.

ನಾಲ್ಕನೆಯದು ಮೇಷ್ಟ್ರದೇ ಮಾತು. “ಕಾಲೇಜು ಬಿಡಿಸಿ ಎಲ್ಲಾದರೂ ದೂರದ ಕೇಂದ್ರಕ್ಕೆ ಹಾಕಿ ಬೀಗ ಹಾಕಿಸ್ತೀನಿ.” ವ್ಯಸನಮುಕ್ತಿ ಎಂಬ ಬೋರ್ಡು ಹಾಕಿದ ಎಲ್ಲವೂ ಚಿಕಿತ್ಸಾಲಯಗಳಲ್ಲ. ಕೂಡಿಹಾಕುವುದು, ಹೊಡೆಯುವುದು, ಮನೆಯವರನ್ನು ತಿಂಗಳುಗಟ್ಟಲೆ ನೋಡಲು ಬಿಡದಿರುವುದು ಚಿಕಿತ್ಸೆಯಲ್ಲ. ದಾಖಲಿಸುವ ಮುನ್ನ ಅಲ್ಲಿ ಅರ್ಹ ವೈದ್ಯರಿದ್ದಾರೆಯೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ ತಿಳಿಯಬೇಕು. ಎಲ್ಲರಿಗೂ ದಾಖಲಾತಿ ಬೇಕಾಗುವುದೂ ಇಲ್ಲ. ಗಾಂಜಾ ಚಟದ ಬಹುಪಾಲು ಜನ ಮನೆಯಲ್ಲಿದ್ದುಕೊಂಡೇ, ವಾರಕ್ಕೊಮ್ಮೆ ಬಂದು ಹೋಗುತ್ತಾ ಗುಣವಾಗಬಲ್ಲರು. ಅದಕ್ಕೆಂದೇ ಇರುವ ಮಾತ್ರೆಯಿಲ್ಲ. ಮಾತೇ ಮುಖ್ಯ ಮದ್ದು.

ಚಿಕಿತ್ಸೆಗೆ ಕಾನೂನಿನ ಆಸರೆ

“ಡಾಕ್ಟರ ಹತ್ತಿರ ಹೇಳಿದರೆ ಅವರೇ ಪೊಲೀಸರಿಗೆ ಹೇಳಿಬಿಡುತ್ತಾರೆ” ಎಂಬ ಭಯದಿಂದ ಎಷ್ಟೋ ಜನ ನಮ್ಮ ಬಳಿ ಸುಳ್ಳು ಹೇಳುತ್ತಾರೆ. ರೋಗಿಯ ಗುಟ್ಟು ಕಾಯುವುದು ವೈದ್ಯನ ಧರ್ಮ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದು ರೋಗಿಯ ಹಕ್ಕು. ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಯೂ ಆ ಕಾಯ್ದೆಯ ವ್ಯಾಪ್ತಿಯಲ್ಲಿದೆ. ನ್ಯಾಯಾಲಯದ ಆದೇಶ, ಪ್ರಾಣಾಪಾಯ ಇಂಥ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿ ಉಂಟು. ಸುಳ್ಳು ಹೇಳಿದರೆ ನಷ್ಟ ರೋಗಿಗೇ. ಏನು ಸೇವಿಸಿದ್ದಾನೆಂದು ತಿಳಿಯದೆ ಕೊಟ್ಟ ನಿದ್ದೆಮಾತ್ರೆ ಉಸಿರನ್ನೇ ನಿಲ್ಲಿಸಬಹುದು.

ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದು ನಿಜ. ಆದರೆ ಅದರಲ್ಲಿ ಎರಡು ಬಾಗಿಲುಗಳು ತೆರೆದಿವೆ. 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ಮೊಕದ್ದಮೆಯಿಂದ ವಿನಾಯಿತಿ ಉಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. 39ನೇ ಕಲಂನಂತೆ, ಇಂಥ ಅಪರಾಧ ಸಾಬೀತಾದ ವ್ಯಸನಿಯನ್ನೂ ಜೈಲಿಗೆ ಕಳಿಸುವ ಬದಲು, ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇವು ತಾವಾಗಿ ಸಿಗುವುದಿಲ್ಲ, ವಕೀಲರ ಮೂಲಕ ನ್ಯಾಯಾಲಯದಲ್ಲಿ ಕೇಳಬೇಕು. ಚಿಕಿತ್ಸೆಯ ಚೀಟಿ, ದಿನಾಂಕ, ವೈದ್ಯರ ಟಿಪ್ಪಣಿ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಎಲ್ಲಿಗೆ ಹೋಗಬೇಕು? ದೂರದ ಊರೇ ಬೇಕೆಂದಿಲ್ಲ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನದ ಬಗ್ಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೂ.

ಗಾಂಜಾದಂತಲ್ಲ, ಹೆರಾಯಿನ್ ಮತ್ತು ಕೆಲವು ನೋವಿನ ಮಾತ್ರೆಗಳ ಚಟ. ಅದಕ್ಕೆ ಪರಿಣಾಮಕಾರಿ ಔಷಧಿಗಳಿವೆ, ವೈದ್ಯರ ನಿಗಾ ಬೇಕೇ ಬೇಕು. ಅಂಥವನು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿ, ತುಟಿ ನೀಲಿಗಟ್ಟಿದರೆ ‘ಪೊಲೀಸ್ ಕೇಸಾಗುತ್ತೆ’ ಎಂದು ಯೋಚಿಸುತ್ತಾ ಕೂರಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಮೊದಲು ಜೀವ, ಆಮೇಲೆ ಕೇಸು.

ಮುಂದಿನ ಬದುಕಿನ ಚಿಂತೆ

ಮೇಷ್ಟ್ರ ಚಿಂತೆ ಬೇರೆಯಿತ್ತು. “ಇವನಿಗೆ ಕೆಲಸ ಸಿಗುತ್ತಾ? ಪಾಸ್‌ಪೋರ್ಟ್ ಕೊಡ್ತಾರಾ?” ದಾರಿಯಲ್ಲಿ ತಡೆದು ಹೆಸರು ಬರೆದುಕೊಂಡ ಮಾತ್ರಕ್ಕೆ ಯಾರೂ ಆರೋಪಿಯಾಗುವುದಿಲ್ಲ. ಆರೋಪಿಯಾದವನು ಅಪರಾಧಿಯೂ ಅಲ್ಲ. ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ತೊಡಕಾಗುತ್ತದೆ, ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಪ್ರಕರಣದ ಬಗ್ಗೆ ಕೇಳಿದರೆ ಮುಚ್ಚಿಡಬಾರದು. ಸರಿಯಾದ ಮಾಹಿತಿ ಕೊಡುವುದು ಅಭ್ಯರ್ಥಿಯ ಕರ್ತವ್ಯವೆಂದೂ, ಪ್ರಕರಣ ಕ್ಷುಲ್ಲಕವಾದದ್ದಾದರೆ ಮಾಲೀಕರು ಅದನ್ನು ಪರಿಗಣಿಸಬಹುದೆಂದೂ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ಎಷ್ಟೋ ಸಲ ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಮುಳುವಾಗುತ್ತದೆ.

ಮನೆಯ ಹಿರಿಯರಿಗೂ ಒಂದು ಸೂಚನೆ. ಅಜ್ಜನ ನಿದ್ದೆಮಾತ್ರೆ, ಅಜ್ಜಿಯ ನೋವಿನ ಮಾತ್ರೆಗಳಲ್ಲಿ ಕೆಲವು ಇದೇ ಕಾಯ್ದೆಯ ಪಟ್ಟಿಯಲ್ಲಿವೆ. ಆಲ್‌ಪ್ರಜೋಲಮ್ ಅಂಥದ್ದು. ಟ್ರಮಡಾಲ್ 2018ರಲ್ಲಿ ಪಟ್ಟಿಗೆ ಸೇರಿತು. ಪ್ರಯಾಣದಲ್ಲಿ ಒಯ್ಯುವಾಗ ವೈದ್ಯರ ಚೀಟಿ ಜೊತೆಗಿರಲಿ. ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತಿರಲಿ.

ಆ ರಾತ್ರಿ

ಕೆರೆ ಏರಿಯ ಮಾತು ಬಂದಾಗ ನಾನು ಹುಡುಗನನ್ನು ನೇರವಾಗಿಯೇ ಕೇಳಿದೆ. “ಸಾಯಬೇಕು ಅನ್ನಿಸಿತಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಅಂಜುತ್ತಾರೆ. ಅದು ತಪ್ಪು. ಕೇಳಿದರೆ ಭಾರ ಇಳಿಯುತ್ತದೆ. ಅವನು ಅತ್ತ, ಆಮೇಲೆ ಹೌದು ಎಂದ. ನಂತರ ಅವನ ಒಪ್ಪಿಗೆ ಪಡೆದು ತಂದೆ ತಾಯಿಯನ್ನು ಒಳಗೆ ಕರೆದೆ.

ಮೇಷ್ಟ್ರು ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ನಾಲ್ಕು ದಿನದಿಂದ ಅವರು ಮಗನೊಡನೆ ಒಂದು ಮಾತೂ ಆಡಿರಲಿಲ್ಲ. ಕೊನೆಗೆ, “ಊಟ ಮಾಡಿದ್ಯೇನೋ?” ಎಂದರು. ಹುಡುಗ ಇಲ್ಲವೆಂದು ತಲೆಯಾಡಿಸಿದ. “ನಾನೂ ಮಾಡಿಲ್ಲ, ನಡಿ” ಎಂದರು. ಅಂದು ರಾತ್ರಿಯಿಂದ ಒಂದು ವಾರ ಅವನನ್ನು ಒಬ್ಬನೇ ಬಿಡಬೇಡಿ, ಹಗ್ಗ, ಕ್ರಿಮಿನಾಶಕ, ಮಾತ್ರೆಗಳು ಕೈಗೆ ಸಿಗದಂತಿರಲಿ ಎಂದು ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಮಧ್ಯಾಹ್ನ ವಕೀಲರು. ಈ ಕ್ರಮವೂ ಮುಖ್ಯ.

ಪ್ರಕರಣ ಏನಾಯಿತು ಎಂದು ಓದುಗರು ಕೇಳಬಹುದು. ಮೂರನೇ ವಾರ ಠಾಣೆಯಿಂದ ನೋಟಿಸ್ ಬಂತು. ಹುಡುಗ ತಂದೆ ಮತ್ತು ವಕೀಲರ ಜೊತೆ ಹೋದ. ಮಾರುತ್ತಿದ್ದವನ ಬಗ್ಗೆ ವಿಚಾರಿಸಿ ಸಂಜೆಯ ಹೊತ್ತಿಗೆ ಕಳಿಸಿದರು. ಮುಂದೆ ಮತ್ತೆ ಕರೆಯಬಹುದು, ಕರೆಯದಿರಬಹುದು. ಈಗ ಎರಡು ತಿಂಗಳಾಯಿತು. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ನಡುವೆ ಒಮ್ಮೆ ಸೇದಿದೆ ಎಂದು ತಾನಾಗಿ ಬಂದು ಹೇಳಿದ. ಬಿಡುವ ದಾರಿಯಲ್ಲಿ ಎಡವುವುದು ಉಂಟು. ಬಂದು ಹೇಳಿದನಲ್ಲ, ಅದೇ ಗುಣವಾಗುತ್ತಿರುವುದರ ಲಕ್ಷಣ.

ಠಾಣೆಯ ಬಾಗಿಲಿಗೆ ಹೋಗುವ ದಿನ ಯಾವ ಮನೆಗೂ ಬಾರದಿರಲಿ. ಬಂದರೆ, ಆ ದಿನ ಮಗ ಮೊದಲು ತಟ್ಟುವ ಬಾಗಿಲು ನಿಮ್ಮದಾಗಿರಲಿ. ಬೈಯುವುದಿದ್ದರೆ ಆಮೇಲೆ ಬೈಯಬಹುದು. ಮೊದಲು ಊಟಕ್ಕೆ ಕರೆಯಿರಿ.